ನೆಚ್ಚಿನ ನಟನ ಹಾರರ್ ಸಿನಿಮಾ ಸಪ್ಪೆ ಅನಿಸುವುದೇಕೆ?

2017ರ ಜೂನ್‌ನಲ್ಲಿ ಟಾಮ್ ಕ್ರೂಸ್ ನಟನೆಯ 'ದಿ ಮಮ್ಮಿ' ತೆರೆಕಂಡಿತು. ಶಾಪಗ್ರಸ್ತ ಈಜಿಪ್ಟ್ ರಾಜಕುಮಾರಿ, ಉರುಳಿ ಬೀಳುವ ವಿಮಾನ, ಎದ್ದು ಬರುವ ಹೆಣಗಳು ಎಲ್ಲವೂ ಇದ್ದವು. ಇಲ್ಲದಿದ್ದದ್ದು ಭಯ ಮಾತ್ರ. ವಿಮರ್ಶಕರು ಚಿತ್ರವನ್ನು ತರಾಟೆಗೆ ತೆಗೆದುಕೊಂಡರು. ಕ್ರೂಸ್‌ಗೆ ಕೆಟ್ಟ ನಟನೆಯ ಅಣಕು ಪ್ರಶಸ್ತಿಯಾದ 'ರ‍್ಯಾಜಿ' ಸಿಕ್ಕಿತು. ಈ ಚಿತ್ರದಿಂದ ಶುರುವಾಗಬೇಕಿದ್ದ 'ಡಾರ್ಕ್ ಯೂನಿವರ್ಸ್' ಸರಣಿ ಅಲ್ಲಿಗೇ ನಿಂತಿತು.

ನಟನೆ ಸರಿಯಿಲ್ಲ, ಕಥೆ ಸರಿಯಿಲ್ಲ ಎಂದು ಹೇಳಿ ಮುಗಿಸಬಹುದು. ಆದರೆ ನಮ್ಮ ಮೆದುಳಿನಲ್ಲಿ ಭಯ ಹುಟ್ಟುವ ಬಗೆಯನ್ನು ನೋಡಿದರೆ, ದೊಡ್ಡ ತಾರೆ ಇರುವುದೇ ಹಾರರ್ ಚಿತ್ರಕ್ಕೆ ತೊಡಕಾಗಬಹುದು ಎಂಬುದು ತಿಳಿಯುತ್ತದೆ.

ಭಯಕ್ಕೆ ಬೇಕು ಅನಿಶ್ಚಿತತೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2016ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. 45 ಮಂದಿಗೆ ಕಂಪ್ಯೂಟರ್ ಆಟವೊಂದನ್ನು ಕೊಟ್ಟಿದ್ದರು. ಬಂಡೆಯ ಕೆಳಗೆ ಹಾವು ಇದೆಯೇ ಎಂದು ಊಹಿಸಬೇಕು. ಹಾವು ಇದ್ದರೆ ಕೈಗೆ ಸಣ್ಣ ವಿದ್ಯುತ್ ಶಾಕ್. ಬೆವರು ಮತ್ತು ಕಣ್ಣಿನ ಪಾಪೆಯ ಗಾತ್ರ ಅಳೆದು ನೋಡಿದಾಗ, ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಒತ್ತಡ ಅಷ್ಟಾಗಿ ಇರಲಿಲ್ಲ. ಶಾಕ್ ಹೊಡೆಯುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ ಅದು ಅತಿ ಹೆಚ್ಚಾಗಿತ್ತು.

ಈಗ 'ದಿ ಮಮ್ಮಿ'ಯ ವಿಮಾನ ದೃಶ್ಯಕ್ಕೆ ಬನ್ನಿ. ಅದಕ್ಕಾಗಿ ಕ್ರೂಸ್ ನಿಜವಾಗಿಯೇ ತೂಕರಹಿತ ಸ್ಥಿತಿ ಉಂಟುಮಾಡುವ ವಿಮಾನದಲ್ಲಿ ಹಾರಿ ನಟಿಸಿದ್ದರು. ಸಾಹಸ ದೊಡ್ಡದೇ. ಆದರೆ ವಿಮಾನ ನೆಲಕ್ಕಪ್ಪಳಿಸಿದ ಮೇಲೆ ನಾಯಕ ಶವಾಗಾರದ ಚೀಲದಲ್ಲಿ ಮೈಮೇಲೆ ಗಾಯವಿಲ್ಲದೆ ಎದ್ದು ಕೂರುತ್ತಾನೆ. ಸ್ಟಾರ್ ಸಾಯುವುದಿಲ್ಲ ಎಂದು ಪ್ರೇಕ್ಷಕರಿಗೆ ಮೊದಲೇ ಇದ್ದ ನಂಬಿಕೆಗೆ ಕಥೆಯೇ ಮುದ್ರೆ ಒತ್ತಿದಂತಾಯಿತು. ಅನಿಶ್ಚಿತತೆ ಹೋಯಿತು, ಅದರ ಜೊತೆಗೇ ಭಯವೂ ಹೋಯಿತು.

1960ರ 'ಸೈಕೋ' ಚಿತ್ರದಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೆಸರಾಂತ ತಾರೆ ಜಾನೆಟ್ ಲೀ ಪಾತ್ರವನ್ನು ಅರ್ಧ ಸಿನಿಮಾ ಮುಗಿಯುವ ಮೊದಲೇ ಸಾಯಿಸಿಬಿಟ್ಟರು. ಅವರೇ ಉಳಿಯಲಿಲ್ಲ ಎಂದಮೇಲೆ ಇನ್ಯಾರು ಉಳಿದಾರು? ಅಲ್ಲಿಂದ ಮುಂದೆ ಪ್ರೇಕ್ಷಕರು ಯಾರನ್ನೂ ನಂಬಿ ಕೂರುವಂತಿರಲಿಲ್ಲ.

ದೊಡ್ಡ ಸದ್ದು ಬಂದರೆ ಭಯ ಆಗುತ್ತದೆಯೇ?

ಇದು ಅರ್ಧಸತ್ಯ. ಸದ್ದಿಗೆ ಬೆಚ್ಚುವುದು ಮಿದುಳುಕಾಂಡದಿಂದ ಕ್ಷಣಾರ್ಧದಲ್ಲಿ ಆಗುವ ಪ್ರತಿವರ್ತನೆ. ಪಟಾಕಿ ಸದ್ದಿಗೂ ಹೀಗೆಯೇ ಬೆಚ್ಚುತ್ತೇವೆ, ಪಟಾಕಿಯನ್ನು ದೆವ್ವ ಎಂದುಕೊಂಡಲ್ಲ! ಒಂದೇ ಬಗೆಯ ಸದ್ದು ಮತ್ತೆ ಮತ್ತೆ ಬಂದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಮನಸ್ಸು ಮೊದಲೇ ಆತಂಕದಲ್ಲಿದ್ದರೆ ಅಷ್ಟೇ ಸದ್ದಿಗೆ ಹೆಚ್ಚು ಬೆಚ್ಚುತ್ತೇವೆ. ಮನೆಯಲ್ಲಿ ಒಬ್ಬರೇ ಇರುವ ರಾತ್ರಿ ಪಾತ್ರೆ ಬಿದ್ದಾಗ ಆಗುವುದು ಇದೇ.

ಹಾಗಾಗಿ ಮೊದಲು ನಿಧಾನವಾಗಿ ಆತಂಕ ಕಟ್ಟಬೇಕು, ಆಮೇಲೆ ಬೆಚ್ಚಿಸಬೇಕು. 1932ರ ಮೂಲ 'ದಿ ಮಮ್ಮಿ'ಯಲ್ಲಿ ಬೋರಿಸ್ ಕಾರ್ಲೋಫ್ ಬಟ್ಟೆ ಸುತ್ತಿದ ಶವವಾಗಿ ಕಾಣುವುದು ಆರಂಭದ ಕೆಲವು ನಿಮಿಷ ಮಾತ್ರ. ಕಣ್ಣು ಸ್ವಲ್ಪವೇ ತೆರೆಯುತ್ತದೆ, ಒಂದು ಕೈ ಚಾಚುತ್ತದೆ, ಬಟ್ಟೆಯ ತುದಿ ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ಉಳಿದದ್ದನ್ನು ನಮ್ಮ ಕಲ್ಪನೆಯೇ ತುಂಬಿಕೊಳ್ಳುತ್ತದೆ. 2017ರ ಚಿತ್ರ ಎಲ್ಲವನ್ನೂ ಬೆಳಕಿಗೆ ತಂದು ತೋರಿಸಿತು.

ಅಭಿಮಾನಿಗೇ ಹೆಚ್ಚು ಬೇಸರ ಏಕೆ?

ವುಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಸುಳಿವು ಕೊಡುತ್ತವೆ. ಒಂದು ಸೂಚನೆ ಕಂಡಮೇಲೆ ಹಣ್ಣಿನ ರಸ ಸಿಗುತ್ತದೆ ಎಂದು ಕೋತಿ ಕಲಿತಿತ್ತು. ಬರಬೇಕಾದ ಹೊತ್ತಿಗೆ ರಸ ಬರದಿದ್ದಾಗ, ಡೋಪಮೀನ್ ಬಿಡುಗಡೆ ಮಾಡುವ ನರಕೋಶಗಳ ಚಟುವಟಿಕೆ ಎಂದಿನ ಮಟ್ಟಕ್ಕಿಂತಲೂ ಕೆಳಗಿಳಿಯಿತು. ಅಂದರೆ ಮೆದುಳು ಸಿಕ್ಕಿದ್ದನ್ನಷ್ಟೇ ಅಲ್ಲ, ಸಿಗಬೇಕಿತ್ತು ಎಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನೂ ಲೆಕ್ಕ ಹಾಕುತ್ತದೆ.

ಅಭಿಮಾನಿಗೆ ನಟನ ಹೆಸರೇ ಆ ಸೂಚನೆ. ಹಿಂದೆ ನೋಡಿ ಖುಷಿಪಟ್ಟ ಚಿತ್ರಗಳೆಲ್ಲ ಸೇರಿ ನಿರೀಕ್ಷೆ ಬೆಟ್ಟದಷ್ಟಾಗಿರುತ್ತದೆ. ಅದೇ ಸಿನಿಮಾವನ್ನು ಏನೂ ನಿರೀಕ್ಷಿಸದೆ ನೋಡಿದವರು "ಪರವಾಗಿಲ್ಲ" ಎಂದು ಎದ್ದು ಹೋಗಬಹುದು. ಅಭಿಮಾನಿಗೆ ಮಾತ್ರ ಮೋಸ ಹೋದಂತೆ ಅನಿಸುತ್ತದೆ. ಹಾರರ್ ಚಿತ್ರದಲ್ಲಂತೂ ಪೆಟ್ಟು ಎರಡು ಕಡೆಯಿಂದ: ನಟನ ಮೇಲಿನ ನಂಬಿಕೆ ನಿರೀಕ್ಷೆಯನ್ನು ಏರಿಸುತ್ತದೆ, 'ಇವನಿಗೇನೂ ಆಗದು' ಎಂಬ ಅದೇ ನಂಬಿಕೆ ಭಯವನ್ನು ಇಳಿಸುತ್ತದೆ.

ಹಾಗಾದರೆ ಏನು ಮಾಡಬಹುದು?

ಭಯ ಆಗಲಿಲ್ಲ ಎಂದ ಮಾತ್ರಕ್ಕೆ ನಿಮ್ಮ ಗುಂಡಿಗೆ ಗಟ್ಟಿ ಎಂದೇನೂ ಅಲ್ಲ, ಅಭಿಮಾನ ಕಡಿಮೆಯಾಯಿತು ಎಂದೂ ಅಲ್ಲ. ಮುಂದಿನ ಸಲ ಟ್ರೇಲರ್ ನೋಡದೆ ಹೋಗಿ. 'ದಿ ಮಮ್ಮಿ'ಯ ವಿಮಾನ ಬೀಳುವ ದೃಶ್ಯ ಟ್ರೇಲರ್‌ನಲ್ಲೇ ಬಂದುಹೋಗಿತ್ತು. ಸ್ಟಾರ್‌ಗಾಗಿ ಸಾಹಸದ ಚಿತ್ರ ನೋಡಿ. ಭಯವೇ ಬೇಕಿದ್ದರೆ, ಮುಖಪರಿಚಯವಿಲ್ಲದ ನಟರಿರುವ ಚಿತ್ರವನ್ನು ಆರಿಸಿಕೊಳ್ಳಿ. ಅಲ್ಲಿ ಯಾರು ಉಳಿಯುತ್ತಾರೆ ಎಂದು ಮೊದಲೇ ಊಹಿಸುವುದು ಕಷ್ಟ.