ರೀವ ಪಕ್ಷಿಗಳ ಗಣತಿಯಲ್ಲಿ ಸ್ವಯಂಸೇವಕರ ಪಾತ್ರ

ತುಂಗಭದ್ರಾ ನದಿ ಹಾಗೂ ಜಲಾಶಯದ ಮೇಲೆ ಹಾರುತ್ತಾ, ನೀರಿಗೆರಗಿ ಮೀನು ಹಿಡಿಯುವ ಬೂದು-ಬಿಳಿ ಬಣ್ಣದ ಹಕ್ಕಿ ನದಿ ರೀವ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೆ ಈಡಾಗಬಹುದಾದ ಪ್ರಭೇದವೆಂದೂ, ಇದರ ಸಂಬಂಧಿಯಾದ ಕರಿಹೊಟ್ಟೆಯ ರೀವವನ್ನು ಅಳಿವಿನಂಚಿನ ಪ್ರಭೇದವೆಂದೂ ಪರಿಗಣಿಸಿದೆ. ಇವುಗಳ ಸ್ಥಿತಿಗತಿಯನ್ನು ಅರಿಯಲು ಸ್ವಯಂಸೇವಕರು ಹೇಗೆ ನೆರವಾಗಬಹುದು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಅಪಾಯಕ್ಕೆ ಕಾರಣಗಳು

ರೀವಗಳು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಕಾಣಿಸಿಕೊಳ್ಳುವ ಮರಳುದಿಣ್ಣೆ ಮತ್ತು ನಡುಗಡ್ಡೆಗಳ ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ಮರಳಿನ ಬಣ್ಣದವಾದ್ದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನೀರು ಹಠಾತ್ತನೆ ಏರಿದರೆ ಗೂಡುಗಳು ಮುಳುಗುತ್ತವೆ. ಬಹಳ ತಗ್ಗಿದರೆ ನಡುಗಡ್ಡೆ ದಡಕ್ಕೆ ಸೇರಿ ನಾಯಿ ಮತ್ತು ದನಕರುಗಳಿಗೆ ದಾರಿಯಾಗುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳು ನದಿ ರೀವಗಳ ಸಂತಾನೋತ್ಪತ್ತಿಗೆ ಹೆಸರಾಗಿವೆ. ಅದೇ ನದಿ ಕೂಡಲಿಯಲ್ಲಿ ತುಂಗೆಯನ್ನು ಸೇರಿ ನಮ್ಮ ಭಾಗಕ್ಕೆ ಹರಿದುಬರುತ್ತದೆ.

ಗಣತಿಯ ಕ್ರಮ

ಏಷ್ಯಾದ ಜಲಪಕ್ಷಿ ಗಣತಿಯು 1987ರಲ್ಲಿ ಆರಂಭವಾಗಿದ್ದು, ಪ್ರತಿವರ್ಷ ಜನವರಿಯಲ್ಲಿ ಸ್ವಯಂಸೇವಕರ ನೆರವಿನಿಂದ ನಡೆಯುತ್ತದೆ. ಒಂದು ವರ್ಷದ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದೇ ಸ್ಥಳವನ್ನು ಒಂದೇ ರೀತಿಯಲ್ಲಿ ಹಲವು ವರ್ಷ ಎಣಿಸಿದಾಗ ಮಾತ್ರ ಏರಿಳಿತ ಗೋಚರಿಸುತ್ತದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಅವಶ್ಯಕ.

1. ನಿಗದಿತ ಸ್ಥಳದಿಂದಲೇ ಎಣಿಸಿ, ಆರಂಭದ ಮತ್ತು ಮುಕ್ತಾಯದ ವೇಳೆಯನ್ನು ಬರೆದಿಡುವುದು.
2. ಒಂದೇ ಹಿಂಡನ್ನು ಎರಡು ತಂಡಗಳು ಎಣಿಸದಂತೆ ಸ್ಥಳ ಹಂಚಿಕೊಂಡು ಏಕಕಾಲದಲ್ಲಿ ಎಣಿಸುವುದು.
3. ದೊಡ್ಡ ಹಿಂಡನ್ನು ಹತ್ತು ಹತ್ತರ ಗುಂಪುಗಳಾಗಿ ಎಣಿಸಿ, ಅದು ಅಂದಾಜು ಎಂದು ನಮೂದಿಸುವುದು.
4. ಒಂದು ಹಕ್ಕಿಯೂ ಕಾಣದಿದ್ದಲ್ಲಿ ಶೂನ್ಯವೆಂದು ಬರೆಯುವುದು. ಖಾಲಿ ಬಿಟ್ಟ ಅಂಕಣದಿಂದ ಹಕ್ಕಿ ಇರಲಿಲ್ಲವೋ, ಯಾರೂ ನೋಡಲಿಲ್ಲವೋ ಎಂಬುದು ತಿಳಿಯುವುದಿಲ್ಲ.

ಗುರುತಿಸುವಾಗ ಎಚ್ಚರಿಕೆ

ನದಿ ರೀವದ ಕೊಕ್ಕು ದಪ್ಪ ಹಾಗೂ ಹಳದಿ. ಕರಿಹೊಟ್ಟೆಯ ರೀವ ಗಾತ್ರದಲ್ಲಿ ಚಿಕ್ಕದು. ಕೊಕ್ಕು ಕಿತ್ತಳೆ, ಬಾಲ ಆಳವಾಗಿ ಕವಲೊಡೆದಿರುತ್ತದೆ. ಚಳಿಗಾಲಕ್ಕೆ ವಲಸೆ ಬರುವ ಮೀಸೆ ರೀವದ ಹೊಟ್ಟೆಯೂ ಬೇಸಿಗೆಯ ಹೊತ್ತಿಗೆ ಕಪ್ಪಾಗುವುದರಿಂದ ಅದನ್ನೇ ಕರಿಹೊಟ್ಟೆಯ ರೀವವೆಂದು ಭಾವಿಸುವ ಸಂಭವವಿದೆ. ಮೀಸೆ ರೀವದ ಕೊಕ್ಕು ಆಗ ಗಾಢ ಕೆಂಪಾಗಿದ್ದು, ಬಾಲದ ಕವಲು ಅತ್ಯಲ್ಪ. ತಪ್ಪಾದ ಒಂದು ನಮೂದು ಅಳಿದುಹೋಗುತ್ತಿರುವ ಹಕ್ಕಿ ಕ್ಷೇಮವಾಗಿದೆಯೆಂಬ ಭ್ರಮೆಗೆ ಎಡೆಗೊಡುತ್ತದೆ. ಸಂದೇಹವಿದ್ದಲ್ಲಿ ಕೇವಲ "ರೀವ" ಎಂದಷ್ಟೇ ಬರೆಯುವುದು ಸೂಕ್ತ.

ಗೂಡಿನ ಕಾಲದಲ್ಲಿ

ಸುಮಾರು ಮಾರ್ಚ್‌ನಿಂದ ಮೇವರೆಗೆ ದಡದಿಂದಲೇ ದುರ್ಬೀನಿನ ಮೂಲಕ ವೀಕ್ಷಿಸತಕ್ಕದ್ದು. ಮನುಷ್ಯರು ಸಮೀಪಿಸಿದರೆ ತಾಯಿಹಕ್ಕಿ ಮೇಲೇಳುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ನೆರಳಿಲ್ಲದ ಮೊಟ್ಟೆ ಮತ್ತು ಮರಿಗಳು ಅಲ್ಪಕಾಲದಲ್ಲೇ ಸಾಯಬಹುದು. ಆದ್ದರಿಂದ ಛಾಯಾಚಿತ್ರಕ್ಕಾಗಿ ನಡುಗಡ್ಡೆಗೆ ಇಳಿಯಬಾರದು. ಗೂಡಿರುವ ನಿಖರ ಸ್ಥಳವನ್ನು ಬಹಿರಂಗಪಡಿಸಬಾರದು.

ಸ್ಥಳೀಯ ನಿದರ್ಶನ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವು ನೀರಾವರಿಗೆಂದು ಕಟ್ಟಿದ ಊರ ಕೆರೆ. 98.76 ಹೆಕ್ಟೇರ್ ವಿಸ್ತೀರ್ಣದ ಈ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ಹಕ್ಕಿಗಳ ಒಟ್ಟು ಸಂತತಿಯ ಶೇ. 1ಕ್ಕಿಂತ ಹೆಚ್ಚು ಇಲ್ಲಿರುವುದನ್ನು ಆ ಸಂದರ್ಭದಲ್ಲಿ ಉಲ್ಲೇಖಿಸಲಾಗಿದೆ. ಇಂತಹ ಪ್ರಮಾಣವನ್ನು ಎಣಿಕೆಯಿಲ್ಲದೆ ಹೇಳಲು ಸಾಧ್ಯವಿಲ್ಲ.

ದರೋಜಿ ಕೆರೆ, ಜಲಾಶಯದ ಹಿನ್ನೀರು, ಹಾಗೂ ಮುದ್ಲಾಪುರದಿಂದ ಕಂಪ್ಲಿಯವರೆಗಿನ ನದಿಪಾತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ವಡ್ಡು, ಸಂಡೂರು, ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಭಾಗದ ಆಸಕ್ತ ವಿದ್ಯಾರ್ಥಿಗಳು, ಶಿಕ್ಷಕರು, ಮೀನುಗಾರರು ಹಾಗೂ ರೈತ ಬಾಂಧವರು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳನ್ನು ಸಂಪರ್ಕಿಸಿ, ಅವರ ಮಾರ್ಗದರ್ಶನದಲ್ಲಿ ಗಣತಿಯಲ್ಲಿ ಭಾಗವಹಿಸಬೇಕಾಗಿ ಕೋರಲಾಗಿದೆ.