ಐ ಹಾಕ್ಬೇಕಾ, ಮಿ ಹಾಕ್ಬೇಕಾ? ಕನ್ನಡದ 'ನನಗೆ' ದಾರಿ ತಪ್ಪಿಸೋ ಜಾಗ

ಹೈದರಾಬಾದಿನ ಬೇಗಂಪೇಟೆಯಿಂದ ಮಾತಾಡ್ತಿದ್ದೇನೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಇಲ್ಲಿಗೆ ಕೆಲಸ ಹುಡುಕಿಕೊಂಡು ಬರೋ ನಮ್ಮ ಹುಡುಗ ಹುಡುಗಿಯರಿಗೆ ವಿಷಯ ಚೆನ್ನಾಗೇ ಗೊತ್ತಿರುತ್ತೆ. ಆದ್ರೆ ಇಂಟರ್‌ವ್ಯೂನಲ್ಲಿ 'ಐ'ನಾ, 'ಮಿ'ನಾ ಅನ್ನೋ ಅನುಮಾನ ಬಂದ್ರೆ ಬಾಯಿ ಕಟ್ಟಿಹೋಗುತ್ತೆ. ಇವತ್ತು ಅದನ್ನ ಬಿಡಿಸೋಣ.

ಉದಾಹರಣೆಗೆ ನಮ್ಮ ಬೇಗಂಪೇಟೆಯನ್ನೇ ತಗೊಳ್ಳಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡದ್ದು ಇಲ್ಲೇ. ಆ ಸೊಳ್ಳೆಗಳಿಂದ ಕಚ್ಚಿಸಿಕೊಂಡ ರೋಗಿ ಹುಸೇನ್ ಖಾನ್. 'ಸೊಳ್ಳೆ ಹುಸೇನನನ್ನು ಕಚ್ಚಿತು' ಅನ್ನಿ, 'ಹುಸೇನನನ್ನು ಸೊಳ್ಳೆ ಕಚ್ಚಿತು' ಅನ್ನಿ, ಅರ್ಥ ಒಂದೇ. 'ಅನ್ನು' ಪ್ರತ್ಯಯ ಕಾಪಾಡುತ್ತೆ. ಇಂಗ್ಲಿಷಿನಲ್ಲಿ 'ಹುಸೇನ್ ಬಿಟ್ ದಿ ಮಸ್ಕಿಟೊ' ಅಂತ ತಿರುಗಿಸಿದ್ರೆ ಹುಸೇನನೇ ಸೊಳ್ಳೆಯನ್ನ ಕಚ್ಚಿದ ಹಾಗಾಯ್ತು! ಅಲ್ಲಿ ಕರ್ತೃ, ಕರ್ಮ ಅಂತ ರೂಪ ಬದಲಾಗೋದು ಸರ್ವನಾಮಗಳಲ್ಲಿ ಮಾತ್ರ: ಐ–ಮಿ, ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್. ಕರ್ತೃವಿಗೆ ಮೊದಲನೆಯದು, ಕರ್ಮಕ್ಕೆ ಎರಡನೆಯದು.

ಹಾಗಾದ್ರೆ ನಾನು ಅಂದ್ರೆ ಐ, ನನ್ನನ್ನು ಅಂದ್ರೆ ಮಿ. ಇಷ್ಟು ಸುಲಭ. ತೊಡಕು ಇರೋದು 'ನನಗೆ'ಯಲ್ಲಿ. 'ಅವರು ನನಗೆ ಕೆಲಸ ಕೊಟ್ಟರು' – ಇದು 'ದೇ ಗೇವ್ ಮಿ ಅ ಜಾಬ್'. ಆದ್ರೆ 'ನನಗೆ ಕೆಲಸ ಸಿಕ್ಕಿತು' – ಇದು 'ಐ ಗಾಟ್ ಅ ಜಾಬ್'. ಎರಡರಲ್ಲೂ 'ನನಗೆ'ಯೇ ಇದೆ, ಗಮನಿಸಿದ್ರಾ? ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ – ಇವೆಲ್ಲ ಇಂಗ್ಲಿಷಿನಲ್ಲಿ 'ಐ'ಯಿಂದಲೇ ಶುರು. ಕನ್ನಡದಲ್ಲಿ ಹಸಿವು, ಜ್ವರ ನಮ್ಮ ಹತ್ತಿರ ಬರುತ್ತವೆ. ಇಂಗ್ಲಿಷ್ ಅಲ್ಲಿ ನಮ್ಮನ್ನೇ ಕರ್ತೃ ಮಾಡುತ್ತೆ. ಅದಕ್ಕೆ ಒಂದು ಪರೀಕ್ಷೆ: ಬೇರೆ ಯಾರಾದ್ರೂ ನನಗೆ ಕೊಟ್ಟರಾ, ಹೇಳಿದರಾ, ತೋರಿಸಿದರಾ? ಹೌದಾದ್ರೆ ಮಿ. ತಿಳಿವಳಿಕೆ, ಬಯಕೆ, ಹಸಿವು, ಕಾಯಿಲೆ ನನ್ನದೇ ಆದ್ರೆ ಐ.

ವಿತ್, ಫಾರ್, ಅಬೌಟ್, ಬಿಟ್ವೀನ್ – ಇವುಗಳ ನಂತರ ಯಾವಾಗಲೂ ಎರಡನೇ ರೂಪ. ಕನ್ನಡದಲ್ಲಿ 'ನನ್ನ ಜೊತೆ' ಅಂತೀವಲ್ಲ ಅಂತ 'ವಿತ್ ಮೈ' ಅನ್ನಬೇಡಿ. 'ವಿತ್ ಮಿ' ಸರಿ.

ಇನ್ನು ಜೋಡಿ ಹೆಸರು ಬಂದಾಗ. 'ಐ' ಅಂದ್ರೇನೇ ಗೌರವ ಅನ್ನೋ ಭ್ರಮೆಯಲ್ಲಿ ಎಷ್ಟೋ ಜನ 'ದಿ ಮ್ಯಾನೇಜರ್ ಕಾಲ್ಡ್ ರವಿ ಆ್ಯಂಡ್ ಐ' ಅಂತಾರೆ. ರವಿಯನ್ನ ತೆಗೆದು ನೋಡಿ. 'ಕಾಲ್ಡ್ ಐ' ಅಂತೀವಾ? ಇಲ್ಲ, 'ಕಾಲ್ಡ್ ಮಿ'. ಹಾಗಾಗಿ 'ಕಾಲ್ಡ್ ರವಿ ಆ್ಯಂಡ್ ಮಿ'.

ಈಗ ನಿಮ್ಮ ಸರದಿ: 'ನನಗೆ ತೆಲುಗು ಬರುತ್ತೆ.' 'ಅಕ್ಕ ನನಗೆ ತೆಲುಗು ಕಲಿಸಿದಳು.' ಮೊದಲನೆಯದು 'ಐ ನೋ ತೆಲುಗು', ಎರಡನೆಯದು 'ಮೈ ಸಿಸ್ಟರ್ ಟಾಟ್ ಮಿ ತೆಲುಗು'. ಇದು ಬಂತು ಅಂದ್ರೆ ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಬಾಯಿ ಬಿಡಿ.