ಕಬ್ಬಿಣದ ದಾರಿಗೆ ಬಾನಿನ ಹಗೆ

ಹೊಸಪೇಟೆಯ ಚಿತ್ತವಾಡ್ಗಿಯವರಿಗೆ ಗೂಡ್ಸ್ ಗಾಡಿಗಳ ಓಡಾಟ ನಿತ್ಯದ ಮಾತು. ಗೋವೆಯ ಮರ್ಮಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಘಟ್ಟವನ್ನೇರಿ, ಹುಬ್ಬಳ್ಳಿ ಗದಗಗಳನ್ನು ದಾಟಿ, ಹೊಸಪೇಟೆಯನ್ನು ಹಾಯ್ದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಸೇರುತ್ತದೆ. ಸಂಡೂರು ಬೆಟ್ಟಗಳ ಅದಿರಿಗೂ ರೈಲೇ ಆಸರೆ. ಇಂಥ ಶಾಂತವಾದ ದಾರಿಗೂ ಯುದ್ಧಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ತಂದೊಡ್ಡಿರುವುದು ಡ್ರೋನ್ ಎಂಬ ಚಾಲಕನಿಲ್ಲದ ಹಾರುಯಂತ್ರ.

ಯುದ್ಧಕಾಲದಲ್ಲಿ ರೈಲ್ವೆ ಶತ್ರುವಿನ ಕಣ್ಣಿಗೆ ಬೀಳುವುದು ಹೊಸತಲ್ಲ. 1965ರ ಸೆಪ್ಟೆಂಬರ್ 9ರಂದು ರಾಜಸ್ಥಾನದ ಗಡಿಯ ಗಡರಾ ರೋಡ್ ಬಳಿ, ಪಾಕಿಸ್ತಾನದ ವಿಮಾನಗಳ ಬಾಂಬಿಗೆ ಎದೆಯೊಡ್ಡಿ ಸೇನೆಯ ಸಾಮಗ್ರಿ ಸಾಗಿಸುತ್ತಿದ್ದ 17 ಮಂದಿ ರೈಲ್ವೆ ನೌಕರರು ಪ್ರಾಣ ತೆತ್ತರು. ಆಗ ಬಾಂಬು ಹಾಕಲು ವಿಮಾನ ಬೇಕಾಗಿತ್ತು. ವಿಮಾನಕ್ಕೆ ನುರಿತ ಚಾಲಕ ಬೇಕಾಗಿತ್ತು. ಡ್ರೋನು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಇರಾನ್ ಮೂಲದ 'ಶಾಹೆದ್' ಡ್ರೋನಿನ ತೂಕ ಸುಮಾರು 200 ಕಿಲೋ. ಮೂತಿಯಲ್ಲಿ ಸಿಡಿಮದ್ದನ್ನು ಹೊತ್ತು ನೂರಾರು ಮೈಲಿ ಹಾರಿ, ಗುರಿಗೆ ಬಡಿದು ತಾನೂ ನಾಶವಾಗುತ್ತದೆ. ಮೊದಮೊದಲು ಇದು ನಿಂತಲ್ಲೇ ನಿಂತ ಗುರಿಗಳಿಗೆ ಮಾತ್ರ ಒದಗುತ್ತಿತ್ತು. ಕ್ಯಾಮರಾ ಮತ್ತು ರೇಡಿಯೋ ಸಂಪರ್ಕಗಳನ್ನು ಅಳವಡಿಸಿದ ಮೇಲೆ ಓಡುವ ಗಾಡಿಯನ್ನೂ ಬೆನ್ನಟ್ಟಬಲ್ಲದಾಯಿತು.

ಇದರ ಕಹಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಉಂಡದ್ದು ಉಕ್ರೇನ್. 2022ರ ಫೆಬ್ರವರಿ 24ರಂದು ರಷ್ಯ ದಂಡೆತ್ತಿ ಬಂದೊಡನೆ ಅಲ್ಲಿಯ ಆಕಾಶ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿಹೋಯಿತು. ರೈಲೇ ದೇಶದ ಜೀವನಾಡಿಯಾಯಿತು. 2024ರ ಆಗಸ್ಟ್ 23ರಂದು ನಮ್ಮ ಪ್ರಧಾನಿ ನರೇಂದ್ರ ಮೋದಿಯವರು ಕೀವ್ ನಗರವನ್ನು ಮುಟ್ಟಿದ್ದೂ ಪೋಲೆಂಡಿನಿಂದ ರೈಲಿನಲ್ಲಿಯೇ. 2025ರ ಅಕ್ಟೋಬರ್ 4ರಂದು ಶೋಸ್ತ್ಕಾ ನಿಲ್ದಾಣದಲ್ಲಿ ಪ್ರಯಾಣಿಕರ ಎರಡು ರೈಲುಗಳ ಮೇಲೆ ರಷ್ಯದ ಡ್ರೋನುಗಳು ಎರಗಿದವು. ಒಬ್ಬರು ಸತ್ತರು, ಸುಮಾರು 30 ಮಂದಿ ಗಾಯಗೊಂಡರು. ಅದೇ ವರ್ಷ ಉಕ್ರೇನಿನ ಡ್ರೋನುಗಳೂ ದಕ್ಷಿಣ ರಷ್ಯದ ರೈಲ್ವೆ ವಿದ್ಯುತ್ ಕೇಂದ್ರಗಳಿಗೆ ಬೆಂಕಿಯಿಟ್ಟವು.

ಇಲ್ಲೊಂದು ಸೂಕ್ಷ್ಮವುಂಟು. ಹಳಿ ತುಂಡಾದರೆ ಗ್ಯಾಂಗಿನವರು ಕೆಲವೇ ಗಂಟೆಗಳಲ್ಲಿ ಜೋಡಿಸಿಬಿಡುತ್ತಾರೆ. ಆದರೆ ಇಂಜಿನು, ಸೇತುವೆ, ಭಾರಿ ಟ್ರಾನ್ಸ್‌ಫಾರ್ಮರುಗಳು ಕೆಟ್ಟರೆ ಅವುಗಳ ಜಾಗಕ್ಕೆ ಹೊಸದನ್ನು ತರಲು ತಿಂಗಳುಗಳೇ ಬೇಕು. ಭಾರತದ ಬ್ರಾಡ್‌ಗೇಜ್ ಮಾರ್ಗವೆಲ್ಲ ಬಹುಮಟ್ಟಿಗೆ 25,000 ವೋಲ್ಟಿನ ವಿದ್ಯುತ್ತಿನ ಮೇಲೆ ನಿಂತಿದೆ. ಹೊಗೆ ತಗ್ಗಿತು, ಖರ್ಚು ಇಳಿಯಿತು, ನಿಜ. ಜೊತೆಗೆ ಕಾಯಬೇಕಾದ ವಿದ್ಯುತ್ ಕೇಂದ್ರಗಳೂ ಹೆಚ್ಚಿದವು. ಇನ್ನು ಮರ್ಮಗೋವಾದ ಕಲ್ಲಿದ್ದಲಾದರೋ ಕ್ಯಾಸಲ್‌ರಾಕ್ ಘಟ್ಟದ ಸುರಂಗಗಳನ್ನು ನುಸುಳಿ, 37 ಅಡಿಗೆ ಒಂದು ಅಡಿಯಂತೆ ಏರುವ ಕಡಿದಾದ ದಾರಿಯಲ್ಲಿ ಬರಬೇಕು. ಆ ಒಂದೇ ಕೊರಳು ಬಿಗಿದರೆ ಅಲ್ಲಿಂದ ಬರುವ ಗಾಡಿಗಳೆಲ್ಲ ನಿಲ್ಲಬೇಕಾದೀತು.

ಭಾರತಕ್ಕೆ ಇದು ಬರಿಯ ಊಹೆಯ ಭಯವಲ್ಲ. 2025ರ ಮೇ 8–9ರ ರಾತ್ರಿ ಪಶ್ಚಿಮ ಗಡಿಯುದ್ದಕ್ಕೂ 36 ಸ್ಥಳಗಳತ್ತ ಪಾಕಿಸ್ತಾನದ ಸುಮಾರು 300ರಿಂದ 400 ಡ್ರೋನುಗಳು ಬಂದವೆಂದು ನಮ್ಮ ಸರ್ಕಾರ ತಿಳಿಸಿತು. ಅವನ್ನು ಎದುರಿಸುವ ವಿದ್ಯೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ರಕ್ಷಣಾ ಸಂಶೋಧನ ಸಂಸ್ಥೆಯವರು ರೂಪಿಸಿದ ಡ್ರೋನ್ ನಿರೋಧಕ ವ್ಯವಸ್ಥೆಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದೆ. ರೇಡಾರಿನಿಂದ ಪತ್ತೆಹಚ್ಚುವುದು, ರೇಡಿಯೋ ಸಂಪರ್ಕವನ್ನು ಕೆಡಿಸುವುದು, ಲೇಸರ್ ಕಿರಣದಿಂದ ಸುಡುವುದು ಅದರ ಕೆಲಸ.

ಆದರೆ ಸಾವಿರಾರು ಮೈಲಿಗಳ ಹಳಿಯುದ್ದಕ್ಕೂ ಇಂಥ ಕಾವಲನ್ನು ನಿಲ್ಲಿಸುವುದು ಯಾವ ದೇಶಕ್ಕೂ ಸಾಧ್ಯವಿಲ್ಲ. ಉಕ್ರೇನನ್ನು ಉಳಿಸಿದ್ದು ಬೇರೆಯದೇ ಉಪಾಯ: ವಿದ್ಯುತ್ತು ಹೋದಾಗ ಎಳೆಯಲು ಡೀಸೆಲ್ ಇಂಜಿನುಗಳು, ಒಂದು ದಾರಿ ಕಡಿದಾಗ ಬಳಸಲು ಮತ್ತೊಂದು ದಾರಿ, ಹಗಲಿರುಳೆನ್ನದೆ ರಿಪೇರಿಗೆ ಓಡುವ ಕೆಲಸಗಾರರು. ಈ ಮೂರನ್ನು ಶಾಂತಿಕಾಲದಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ. ಹಳೆಯ ಡೀಸೆಲ್ ಇಂಜಿನುಗಳನ್ನು ಗುಜರಿಗೆ ಹಾಕುವ ಮುನ್ನ, ಹೊಸಪೇಟೆಯಂಥ ಮಾರ್ಗಗಳಿಗೆ ಬದಲಿ ದಾರಿ ಬೇಕೇ ಎಂದು ಯೋಚಿಸುವಾಗ, ಲಾಭನಷ್ಟದ ಪುಸ್ತಕದ ಜೊತೆಗೆ ಈ ಲೆಕ್ಕವನ್ನೂ ತೆರೆದಿಟ್ಟುಕೊಳ್ಳುವುದು ಲೇಸು. ಅದಕ್ಕಿಂತ ಮೊದಲು ನೆನೆಯಬೇಕಾದವನು ಬಿಸಿಲು ಮಳೆಗಳಲ್ಲಿ ಹಳಿಯನ್ನು ನೋಡಿಕೊಳ್ಳುವ ಗ್ಯಾಂಗಿನವನು. ಗಡರಾ ರೋಡಿನಲ್ಲಿಯೂ ಶೋಸ್ತ್ಕಾದಲ್ಲಿಯೂ ಯಂತ್ರ ಸೋತಲ್ಲಿ ಗಾಡಿಯನ್ನು ಮುಂದೆ ನಡೆಸಿದವರು ಅವನಂಥವರೇ.